ನಲವತ್ತೆಂಟರಲ್ಲಿ ಮರಳಿ ಬಂದ ಆಸೆ

ಪ್ರಶ್ನೆ:
ನನಗೀಗ 48 ವರ್ಷ. ಕಳೆದ ವರ್ಷ ಅಮ್ಮ ತೀರಿಕೊಂಡು, ಮಗಳೂ ಹಾಸ್ಟೆಲ್ ಸೇರಿದ ಮೇಲೆ ದಾವಣಗೆರೆಯ ನಮ್ಮ ಮನೆಯಲ್ಲಿ ಕುಕ್ಕರಿನ ಸೀಟಿಯೊಂದೇ ಸದ್ದಾಗಿ ಉಳಿಯಿತು. ಇಷ್ಟು ವರ್ಷ ಯಾರಿಗಾಗಿ ಓಡಿದೆನೆಂಬ ಯೋಚನೆ ನಿದ್ದೆಗೆಡಿಸುತ್ತಿತ್ತು. ಮೊನ್ನೆ ಯಜಮಾನರು ನನ್ನ ಒದ್ದೆ ಕೂದಲಿನ ಸಿಕ್ಕನ್ನು ಒಂದೊಂದಾಗಿ ಬಿಡಿಸುತ್ತಾ ಕುಳಿತಾಗ, ಸತ್ತೇ ಹೋಯಿತೆಂದುಕೊಂಡಿದ್ದ ಆಸೆ ಮತ್ತೆ ಮೂಡಿತು. ಆದರೆ ಕೂಡುವಾಗ ನೋವಾಗುತ್ತದೆ, ಮುಟ್ಟೂ ಏರುಪೇರಾಗಿದೆ. ಇದನ್ನು ವೈದ್ಯರಲ್ಲಿ ಹೇಳಿಕೊಳ್ಳಬಹುದೇ?

ಉತ್ತರ 1:
ಅಕ್ಕಾ, ಖಂಡಿತ ಹೇಳಿಕೊಳ್ಳಿ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಕಡಿಮೆಯಾಗಿ ಯೋನಿಯ ಒಳಪದರ ತೆಳುವಾಗಿ ಒಣಗುವುದರಿಂದ ನೋವಾಗುತ್ತದೆಯೇ ಹೊರತು, ಅದು ನಿಮ್ಮ ಪ್ರೀತಿಯ ಕೊರತೆಯಲ್ಲ. ಕೂಡುವಾಗ ಜಾರಿಕೆಗೆಂದು ಬಳಸುವ ನೀರಿನ ಆಧಾರದ ಜೆಲ್ ಔಷಧಿ ಅಂಗಡಿಯಲ್ಲೇ ಸಿಗುತ್ತದೆ. ಹಚ್ಚುವ ಈಸ್ಟ್ರೋಜನ್ ಕ್ರೀಮನ್ನು ಮಾತ್ರ ಸ್ತ್ರೀರೋಗ ತಜ್ಞರ ಸಲಹೆಯಿಲ್ಲದೆ ಬಳಸಬೇಡಿ. ಮುಟ್ಟು ಏರುಪೇರಾಗಿದ್ದರೂ ಬಸಿರಾಗುವ ಸಾಧ್ಯತೆ ಇದ್ದೇ ಇರುತ್ತದೆ. ಕಾಂಡೋಮ್ ಬಳಸುವುದಾದರೆ ಕೊಬ್ಬರಿ ಎಣ್ಣೆ ಬೇಡ, ಎಣ್ಣೆ ತಾಗಿದರೆ ಕಾಂಡೋಮಿನ ಲೇಟೆಕ್ಸ್ ರಬ್ಬರ್ ಹರಿದುಹೋಗಬಹುದು.

ಉತ್ತರ 2:
ಗಂಡಸಾಗಿ ನನ್ನದೊಂದು ಮಾತು. ಸಕ್ಕರೆ ಕಾಯಿಲೆಯಿಂದ ನಿಮಿರುವಿಕೆ ಕುಗ್ಗಿದಾಗ ನಾನು ನಾಚಿಕೆಯಿಂದ ಎರಡು ವರ್ಷ ಹಜಾರದಲ್ಲಿ ಮಲಗಿದೆ. ನನ್ನಾಕೆಯಾದರೋ ತನ್ನ ಮೇಲೆ ಮನಸ್ಸಿಲ್ಲವೆಂದೇ ಭಾವಿಸಿದ್ದಳು. ಈ ತೊಂದರೆ ಹೃದ್ರೋಗದ ಮುನ್ಸೂಚನೆಯೂ ಆಗಿರಬಹುದಾದ್ದರಿಂದ ಮುಚ್ಚಿಡುವುದು ಶುದ್ಧ ಮೂರ್ಖತನ. ನಿಮ್ಮ ಯಜಮಾನರನ್ನೂ ಜೊತೆಗೆ ಕರೆದೊಯ್ಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸೋಮವಾರಕ್ಕೆ ಸಮಯ ತೆಗೆದುಕೊಂಡಿದ್ದೇನೆ. ಯಜಮಾನರು ಮೊದಲು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡರು, ಆಮೇಲೆ ಅರ್ಧ ದಿನ ರಜೆ ಹಾಕುತ್ತೇನೆ ಎಂದರು.