ಗೇಟ್‌ಕೀಪರ್: ಕರೆ ಸೇರುತ್ತದೆ, ಹೊರಗಿನವರ ದನಿ ಮಾತ್ರ ಬರುವುದಿಲ್ಲ

ದೂರದನಿ:
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದೇ ತಲೆನೋವು. ರೂಟರ್ ಹಿಂದಿನ ಲಿನಕ್ಸ್ ಯಂತ್ರದಲ್ಲಿ ಗ್ನೂ ಗೇಟ್‌ಕೀಪರ್ (ವಿಡಿಯೋ ಕರೆಗಳನ್ನು ನಿಭಾಯಿಸುವ ತಂತ್ರಾಂಶ) ಹಾಕಿದ್ದೇನೆ. ಒಳಗಿನ ಎಚ್.323 (ನೆಟ್‌ವರ್ಕ್ ಮೂಲಕ ದನಿ, ಚಿತ್ರದ ಕರೆ ಮಾಡುವ ಪದ್ಧತಿ) ವಿಡಿಯೋ ಸಾಧನಗಳೆಲ್ಲ ಅದರಲ್ಲಿ ರಿಜಿಸ್ಟರ್ ಆಗಿವೆ. ಒಳಗೊಳಗೇ ಮಾತಾಡಿದರೆ ತೊಂದರೆ ಇಲ್ಲ. ಪಬ್ಲಿಕ್ ಐಪಿ (ಇಂಟರ್ನೆಟ್‌ನಿಂದ ನೇರವಾಗಿ ತಲುಪಬಹುದಾದ ವಿಳಾಸ) ಇರುವ ಹೊರಗಿನ ಸಾಧನಕ್ಕೆ ಕರೆ ಮಾಡಿದರೆ ರಿಂಗ್ ಆಗುತ್ತದೆ, ಅವರು ಎತ್ತುತ್ತಾರೆ, ನಮ್ಮ ಮಾತು, ಚಿತ್ರ ಎರಡೂ ಅವರಿಗೆ ಹೋಗುತ್ತವೆ. ನಮಗೆ ಮಾತ್ರ ಅವರ ದನಿಯೂ ಇಲ್ಲ, ಮುಖವೂ ಇಲ್ಲ. ಯುಡಿಪಿ 1719, ಟಿಸಿಪಿ 1720 ಪೋರ್ಟ್ ಎರಡನ್ನೂ ರೂಟರಿನಿಂದ ಗೇಟ್‌ಕೀಪರ್ ಯಂತ್ರಕ್ಕೆ ಫಾರ್ವರ್ಡ್ ಮಾಡಿದ್ದೇನೆ. ಇನ್ನೇನು ಬಾಕಿ?

ಪೋರ್ಟುಗಾರ:
1719 ರಿಜಿಸ್ಟ್ರೇಶನ್‌ಗೆ, 1720 ಕರೆ ಶುರು ಮಾಡುವುದಕ್ಕೆ ಅಷ್ಟೇ. ದನಿ, ಚಿತ್ರ ಬರುವುದು ಆರ್‌ಟಿಪಿ ಎಂಬ ಪ್ರೋಟೊಕಾಲ್‌ನಲ್ಲಿ, ಬೇರೆ ಯುಡಿಪಿ ಪೋರ್ಟ್‌ಗಳಲ್ಲಿ. ಯುಡಿಪಿ 1024ರಿಂದ 65535ರವರೆಗೆ ಎಲ್ಲವನ್ನೂ ಗೇಟ್‌ಕೀಪರ್ ಯಂತ್ರಕ್ಕೆ ಬಿಟ್ಟು ನೋಡಿ.

ದೂರದನಿ:
ಬಿಟ್ಟೆ ಸರ್. ಏನೂ ಬದಲಾಗಲಿಲ್ಲ.

ಹಳೇತಂತಿ:
ಬದಲಾಗುವುದಿಲ್ಲ, ಮೊದಲು ಅದನ್ನು ಮುಚ್ಚಿಬಿಡಿ. ಅಷ್ಟು ದೊಡ್ಡ ಬಾಗಿಲು ತೆರೆದಿಡುವುದು ಒಳ್ಳೆಯದಲ್ಲ.

ಕರೆ ಎತ್ತಿದ ಮೇಲೆ ಎಚ್.245ರಲ್ಲಿ (ದನಿ, ಚಿತ್ರದ ದಾರಿ ಗೊತ್ತು ಮಾಡುವ ಸಂದೇಶಗಳು) ಎರಡೂ ಕಡೆಯವರು "ನಿನ್ನ ದನಿ ಈ ವಿಳಾಸಕ್ಕೆ ಕಳಿಸು" ಅಂತ ಹೇಳಿಕೊಳ್ಳುತ್ತಾರೆ. ನಿಮ್ಮ ಸಾಧನಕ್ಕೆ ಗೊತ್ತಿರುವುದು ತನ್ನ ಒಳಗಿನ 192.168 ವಿಳಾಸ ಮಾತ್ರ, ಅದನ್ನೇ ಕೊಡುತ್ತದೆ. ಹೊರಗಿನವರು ಅಲ್ಲಿಗೆ ಕಳಿಸಿದ್ದು ದಾರಿಯಲ್ಲೇ ಕಳೆದುಹೋಗುತ್ತದೆ. ಅವರ ವಿಳಾಸ ನಿಜವಾದ್ದು, ಅದಕ್ಕೇ ನಿಮ್ಮದು ತಲುಪುತ್ತಿದೆ. ಅಂದರೆ ದನಿ ನಿಮ್ಮ ಗೇಟ್‌ಕೀಪರ್ ಹತ್ತಿರ ಬರುತ್ತಲೇ ಇಲ್ಲ. ಪೋರ್ಟ್ ಎಷ್ಟು ತೆರೆದರೇನು?

ಪ್ರಾಕ್ಸಿ, ಅಂದರೆ ದನಿ, ಚಿತ್ರವನ್ನು ಗೇಟ್‌ಕೀಪರ್ ತನ್ನ ಮೂಲಕವೇ ಸಾಗಿಸುವ ವ್ಯವಸ್ಥೆ, ಬೇಕಾಗುವುದು ಇಲ್ಲೇ. ಗೇಟ್‌ಕೀಪರ್‌ನ ಸೆಟ್ಟಿಂಗ್ ಕಡತದ ರೂಟೆಡ್ ಮೋಡ್ ವಿಭಾಗದಲ್ಲಿ ಜಿಕೆ ರೂಟೆಡ್, ಎಚ್245 ರೂಟೆಡ್ ಎರಡಕ್ಕೂ 1 ಕೊಡಿ. ಪ್ರಾಕ್ಸಿ ವಿಭಾಗದಲ್ಲಿ ಎನೇಬಲ್‌ಗೂ 1. ಮುಖ್ಯ ವಿಭಾಗದ ಎಕ್ಸ್‌ಟರ್ನಲ್ ಐಪಿ ಸಾಲಿನಲ್ಲಿ ನಿಮ್ಮ ಪಬ್ಲಿಕ್ ವಿಳಾಸ ಬರೆಯಿರಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಬಿಟ್ಟರೆ ಪ್ರಾಕ್ಸಿಯೂ ಒಳಗಿನ ವಿಳಾಸವನ್ನೇ ಹೇಳಿಬಿಡುತ್ತದೆ.

ಆಮೇಲೆ ಎಚ್.245ಗೆ ಒಂದು ಟಿಸಿಪಿ ರೇಂಜ್, ಆರ್‌ಟಿಪಿಗೆ ಒಂದು ಯುಡಿಪಿ ರೇಂಜ್ ಗೊತ್ತು ಮಾಡಿ, ಅಷ್ಟನ್ನೇ ಫಾರ್ವರ್ಡ್ ಮಾಡಿ. ಆರ್‌ಟಿಪಿ ರೇಂಜ್ ತೀರಾ ಚಿಕ್ಕದಾಗಬಾರದು. ದನಿಗೊಂದು ಜೋಡಿ ಪೋರ್ಟ್, ಚಿತ್ರಕ್ಕೊಂದು ಜೋಡಿ, ಸ್ಲೈಡ್ ತೋರಿಸಿದರೆ ಇನ್ನೊಂದು ಜೋಡಿ ಬೇಕು.

ರೂಟರಿನಲ್ಲಿ ಎಚ್.323 ಎಎಲ್‌ಜಿ (ಕರೆಯ ಸಂದೇಶದೊಳಗಿನ ವಿಳಾಸ ತಿದ್ದುವ ಸೌಲಭ್ಯ) ಆನ್ ಇದ್ದರೆ ಆಫ್ ಮಾಡಿ. ಗೇಟ್‌ಕೀಪರ್ ಸರಿ ಮಾಡಿದ ವಿಳಾಸವನ್ನು ಅದು ಮತ್ತೆ ತಿದ್ದಲು ಹೋಗಿ ಕೆಡಿಸುತ್ತದೆ.

ದೂರದನಿ:
ಬಂತು! ಮುಖ, ಮಾತು ಎರಡೂ ಬಂತು. ಎಎಲ್‌ಜಿ ಆನ್ ಇದ್ದಾಗ ಚಿತ್ರ ಮಾತ್ರ ಬರುತ್ತಿರಲಿಲ್ಲ, ಆಫ್ ಮಾಡಿದ ಕೂಡಲೇ ಸರಿಹೋಯಿತು. ಆದರೆ ಈಗ ಪಕ್ಕದ ಕೋಣೆಗೆ ಮಾಡಿದ ಕರೆಯೂ ಸುಮ್ನೆ ಪ್ರಾಕ್ಸಿ ಸುತ್ತಿ ಬರುತ್ತಿದೆ. ಯಂತ್ರಕ್ಕೆ ಕೆಲಸ ಜಾಸ್ತಿ ಅಲ್ವಾ?

ಹಳೇತಂತಿ:
ಹೌದು. ಪ್ರಾಕ್ಸಿ ವಿಭಾಗದಲ್ಲೇ ಇಂಟರ್ನಲ್ ನೆಟ್‌ವರ್ಕ್ ಅಂತ ಒಂದು ಸಾಲಿದೆ. ನಿಮ್ಮ ಒಳಗಿನ ಸಬ್‌ನೆಟ್ (ಒಳಗಿನ ವಿಳಾಸಗಳ ಗುಂಪು) ಅಲ್ಲಿ ಹಾಕಿ. ಅದರೊಳಗಿನ ಕರೆಗಳ ದನಿ, ಚಿತ್ರ ನೇರವಾಗಿ ಹೋಗುತ್ತವೆ.

ಪೋರ್ಟುಗಾರ:
ನಾನು ಅವಸರದಲ್ಲಿ ತಪ್ಪು ಹೇಳಿದೆ, ಕ್ಷಮಿಸಿ. ಇದರ ಜೊತೆಗೇ ಒಂದು ಪ್ರಶ್ನೆ. ನಮ್ಮಲ್ಲಿ ಬೇರೆ ನ್ಯಾಟ್ (ಒಳಗಿನ ವಿಳಾಸಗಳನ್ನು ಪಬ್ಲಿಕ್ ವಿಳಾಸಕ್ಕೆ ಬದಲಿಸುವ ರೂಟರ್) ಹಿಂದಿನಿಂದ ರಿಜಿಸ್ಟರ್ ಆಗುವ ಸಾಧನವೊಂದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅದಕ್ಕೆ ಕರೆ ತಲುಪುವುದೇ ಇಲ್ಲ.

ಹಳೇತಂತಿ:
ಆ ಕಡೆಯ ರೂಟರ್ ಯುಡಿಪಿ ದಾರಿಯನ್ನು ಮುಚ್ಚುತ್ತಿದೆ. ಸಾಧನಕ್ಕೆ ಎಚ್.460.18 ಮತ್ತು 19 (ನ್ಯಾಟ್ ದಾಟಿ ಕರೆ, ದನಿ, ಚಿತ್ರ ಸಾಗಿಸುವ ಪದ್ಧತಿಗಳು) ಬರುತ್ತದಾ ನೋಡಿ. ಬಂದರೆ ಎರಡೂ ಕಡೆ ಆನ್ ಮಾಡಿ. ಜೊತೆಗೆ ಟೈಮ್ ಟು ಲಿವ್ (ಒಂದು ರಿಜಿಸ್ಟ್ರೇಶನ್ ಉಳಿಯುವ ಅವಧಿ) ಕಡಿಮೆ ಮಾಡಿ, ರೂಟರ್ ಮುಚ್ಚುವ ಮೊದಲೇ ಸಾಧನ ಮತ್ತೆ ರಿಜಿಸ್ಟರ್ ಆಗುವ ಹಾಗೆ.

ದೂರದನಿ:
ಇಂಟರ್ನಲ್ ನೆಟ್‌ವರ್ಕ್ ಸಾಲು ಕೆಲಸ ಮಾಡಿತು. ಇಬ್ಬರಿಗೂ ತುಂಬಾ ಧನ್ಯವಾದ.