ಮಕ್ಕಳ ಕಾದಂಬರಿಯಲ್ಲಿ ಅಲಮೇಲಮ್ಮ ದೆವ್ವವಾಗಿ ಬರಬಹುದಾ?

ಮರಳಗುಡ್ಡೆ:
ಹನ್ನೆರಡರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅಂತ ಒಂದು ಕಾದಂಬರಿ ಬರೀತಿದ್ದೀನಿ. ಬೇಸಿಗೆ ರಜೆಗೆ ತಲಕಾಡಿನ ಅಜ್ಜಿ ಮನೆಗೆ ಹೋದ ಅಕ್ಕ-ತಮ್ಮನಿಗೆ ಮರಳಲ್ಲಿ ಒಬ್ಬ ಹೆಂಗಸು ಕಾಣಿಸ್ತಾಳೆ. ಮಡಿಲಲ್ಲಿ ಒಡವೆಯ ಗಂಟು. ನಡೆದ ಕಡೆ ಹೆಜ್ಜೆ ಮೂಡಲ್ಲ. ಅವಳು ಅಲಮೇಲಮ್ಮ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನ ಹೆಂಡತಿ ಈಕೆ. ರಂಗನಾಯಕಿ ಅಮ್ಮನವರ ಅಲಂಕಾರಕ್ಕೆ ಅವಳ ಒಡವೆ ಬೇಕು ಅಂತ ಆಳು ಕಳಿಸಿದಾಗ, ಮುತ್ತಿನ ಮೂಗುತಿಯೊಂದನ್ನ ಕೊಟ್ಟು ಉಳಿದದ್ದನ್ನ ಕಟ್ಟಿಕೊಂಡು ಮಾಲಂಗಿಯ ಹತ್ತಿರ ಕಾವೇರಿಗೆ ಹಾರಿದಳು ಅಂತ ಐತಿಹ್ಯ. ಹಾರೋ ಮುಂಚೆ ಅಂದದ್ದು: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ.

ಕಳೆದ ಶನಿವಾರ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಮೊದಲ ಮೂರು ಅಧ್ಯಾಯ ಓದಿ ಹೇಳಿದೆ. ಒಬ್ಬಳು ಹುಡುಗಿ ಕಾಲೆರಡನ್ನೂ ಬೆಂಚಿನ ಮೇಲೆ ಎತ್ತಿಟ್ಟು, ಲಂಗ ಪಾದದವರೆಗೂ ಎಳ್ಕೊಂಡು ಕೊನೇವರೆಗೂ ಹಾಗೇ ಕೂತಿದ್ದಳು. ಮಾರನೇ ದಿನ ಇಬ್ಬರು ಪೋಷಕರು ಬಂದು, ಮಕ್ಕಳಿಗೆ ಇದೆಲ್ಲ ಯಾಕೆ ಅಂತ ಕೇಳಿದ್ರು. ನಿಮ್ಮ ಅಭಿಪ್ರಾಯ ಹೇಳಿ, ಬೈದರೂ ಪರವಾಗಿಲ್ಲ.

ಎರಡು ಮಕ್ಕಳ ಅಮ್ಮ:
ಆ ಪೋಷಕರ ಜಾಗದಲ್ಲಿ ನಾನಿದ್ರೂ ಬಂದು ಕೇಳ್ತಿದ್ದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ, ರಾತ್ರಿ ಬಾಗಿಲು ತಟ್ಟೋ ದೆವ್ವ ಓದಿ ವಾಪಸ್ ಹೋಗಲಿ ಅಂತ ಬಾಗಿಲಿಗೆಲ್ಲ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೀತಿದ್ದರಲ್ಲ, ಆಗ ನಾನು ಚಿಕ್ಕವಳು. ನಮ್ಮ ಮನೆ ಬಾಗಿಲಿಗೆ ಅಣ್ಣ ಬರೆದಿದ್ದ. ಒಂದು ದಿನ ಮಳೆಗೆ ಅಕ್ಷರ ಅಳಿಸಿಹೋಗಿ ಬರೀ ‘ಬಾ’ ಅಂತ ಉಳಿದಿತ್ತು. ಅವತ್ತು ರಾತ್ರಿ ಅಮ್ಮನ ಸೆರಗು ಹಿಡ್ಕೊಂಡು ಬೆಳಗಿನವರೆಗೂ ಎದ್ದಿದ್ದೆ. ಈಗಲೂ ಆ ಬಾಗಿಲು ಕಣ್ಣಿಗೆ ಕಟ್ಟಿದ ಹಾಗಿದೆ. ದೊಡ್ಡವರಿಗೆ ಅದು ಒಂದು ಸುದ್ದಿ ಅಷ್ಟೇ, ನನಗೆ ವರ್ಷಗಟ್ಟಲೆ ಕತ್ತಲು. ಬರೆಯೋರು ಇದನ್ನ ತಿಳ್ಕೊಂಡು ಬರೀಬೇಕು.

ಹೈಸ್ಕೂಲ್ ಮೇಷ್ಟ್ರು:
ನನ್ನ ತಕರಾರು ಬೇರೆ. ಹೆದರಿಕೆ ಎರಡು ದಿನದಲ್ಲಿ ಹೋಗುತ್ತೆ, ತಪ್ಪು ತಿಳಿವಳಿಕೆ ಹೋಗಲ್ಲ. ತಲಕಾಡಿನ ಮರಳು ಹೇಗೆ ಬಂತು ಅಂತ ಕೇಳಿದರೆ ಹತ್ತನೇ ಕ್ಲಾಸಿನ ಹುಡುಗರೂ ಶಾಪ ಅಂತಾರೆ. ನದಿ ಅಲ್ಲಿ ತಿರುವು ತಗೊಳ್ಳುತ್ತೆ. ಮೇಲ್ಗಡೆ ವಿಜಯನಗರದ ಕಾಲದ ಮಾಧವಮಂತ್ರಿ ಅಣೆಕಟ್ಟು ಇದೆ. ನೀರು ಕಮ್ಮಿಯಾಗಿ ನದಿಯ ಪಾತ್ರ ಒಣಗಿತು, ಗಾಳಿ ಆ ಮರಳನ್ನ ಎತ್ತಿ ಊರಿನ ಮೇಲೆ ಸುರೀತು. ಆ ಕಟ್ಟೆ ಅಲಮೇಲಮ್ಮನಿಗಿಂತ ಹಳೇದು. ಇನ್ನು ಸಂತಾನದ ಮಾತು: ನಾಲ್ವಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರ ಒಡೆಯರ ಸ್ವಂತ ಮಗ, ದತ್ತು ಅಲ್ಲ. ಜಯಚಾಮರಾಜ ಒಡೆಯರಿಗೂ ಮಗ ಇದ್ದರು. ಹೀಗಿರುವಾಗ ದೆವ್ವವೇ ಎದುರು ನಿಂತು ‘ನಾನು ಶಪಿಸಿದೆ, ಹಾಗೇ ಆಯ್ತು’ ಅಂದರೆ, ಕ್ಲಾಸಲ್ಲಿ ನಾನು ಹೇಳೋದನ್ನ ಯಾರು ಕೇಳ್ತಾರೆ? ವೈಜ್ಞಾನಿಕ ಮನೋಭಾವ ಬೆಳೆಸೋದು ಸಂವಿಧಾನ ನಮಗೆಲ್ಲ ಹೇಳಿದ ಕರ್ತವ್ಯ. ಮಕ್ಕಳ ಪುಸ್ತಕಕ್ಕೂ ಅದು ಸೇರುತ್ತೆ.

ಹಳೇ ಚಂದಮಾಮ:
ಮೇಷ್ಟ್ರೇ, ಮರಳಿನ ವಿಷಯ ಒಪ್ಪಿದೆ. ಆದರೆ ಚಂದಮಾಮದಲ್ಲಿ ತಿಂಗಳು ತಿಂಗಳು ಬೇತಾಳನ ಕಥೆ ಓದಿ ಬೆಳೆದವರು ನಾವು. ಹೆಣದೊಳಗಿಂದ ಬೇತಾಳ ಮಾತಾಡುತ್ತೆ ಅಂತ ನಂಬಿದವರು ಯಾರೂ ಇರಲಿಲ್ಲ. ಕೊನೆಗೆ ಅದು ಕೇಳೋ ಪ್ರಶ್ನೆಗೆ ಕಾಯ್ತಿದ್ವಿ. ತಪ್ಪು ಯಾರದು, ತ್ಯಾಗ ಯಾರದು ಅಂತ ಮನೆಯವರೆಲ್ಲ ಜಗಳ ಆಡ್ತಿದ್ವಿ.

ಚರಿತ್ರೆ ಮತ್ತು ದೆವ್ವ ಎರಡನ್ನೂ ಬೆಸೆದದ್ದಕ್ಕೆ ಇಂಗ್ಲೆಂಡಿನ ಒಂದು ಒಳ್ಳೆ ಉದಾಹರಣೆ ಇದೆ. ಫಿಲಿಪಾ ಪಿಯರ್ಸ್ 1958ರಲ್ಲಿ ಬರೆದ ‘ಟಾಮ್ಸ್ ಮಿಡ್‌ನೈಟ್ ಗಾರ್ಡನ್’. ಗಡಿಯಾರ ಹದಿಮೂರು ಹೊಡೆದಾಗ ಹುಡುಗ ಹಿತ್ತಿಲ ಬಾಗಿಲು ತೆಗೆದರೆ ಹಳೇ ಕಾಲದ ತೋಟ, ಅಲ್ಲೊಬ್ಬಳು ಹುಡುಗಿ. ನೀನು ದೆವ್ವ ಅಂತ ಇವನು, ಅಲ್ಲ ನೀನೇ ದೆವ್ವ ಅಂತ ಅವಳು. ಆ ಜಗಳ ಓದಿದ ಮಗುವಿಗೆ ಒಂದು ಹೊಳೆಯುತ್ತೆ: ಹಿಂದಿನ ಕಾಲದವರೂ ನನ್ನ ಹಾಗೆ ಉಸಿರಾಡ್ತಿದ್ದವರು, ಅವರ ಲೆಕ್ಕದಲ್ಲಿ ನಾನೇ ಇನ್ನೂ ಇಲ್ಲದವನು. ಇಸವಿ ಬಾಯಿಪಾಠ ಮಾಡಿಸಿದರೆ ಇದು ಬರುತ್ತಾ? ನಮ್ಮಲ್ಲೂ ಕಾರಂತರ ಮೂಕಜ್ಜಿ ಇದ್ದಾಳಲ್ಲ. ಒಂದು ವಸ್ತು ಕೈಗೆ ಕೊಟ್ಟರೆ ಅದರ ಹಿಂದಿನ ಕಾಲವೇ ಅವಳಿಗೆ ಕಾಣುತ್ತೆ. ಅದು ದೊಡ್ಡವರ ಕಾದಂಬರಿ. ಮಕ್ಕಳಿಗೆ ಅಂಥದ್ದು ಬೇಕು ಅಂತ ನಾನು ಎಷ್ಟೋ ವರ್ಷದಿಂದ ಹುಡುಕ್ತಿದ್ದೀನಿ. ದಯವಿಟ್ಟು ನಿಲ್ಲಿಸಬೇಡಿ.

ವಿಜಾಪುರದಾಂವ:
ನಮ್ಮೂರಾಗ ಸಾಠ್ ಕಬರ್, ಅಂದ್ರ ಅರವತ್ತು ಗೋರಿ, ಅಂತ ಅದ ರೀ. 1659ರಾಗ ಅಫಜಲಖಾನ ಶಿವಾಜಿ ಮ್ಯಾಲೆ ದಂಡು ತಗೊಂಡು ಹೊಂಟಾಗ, ತಿರುಗಿ ಬರೂದಿಲ್ಲ ಅಂತ ಜೋಯಿಸರು ಹೇಳಿದ್ರಂತ. ತಾ ಸತ್ತ ಮ್ಯಾಲೆ ಹೆಂಡಂದಿರು ಮತ್ತೊಬ್ಬರ ಪಾಲಾಗಬಾರದು ಅಂತ ಅಷ್ಟೂ ಮಂದೀನ ಕೊಲ್ಲಿಸಿದ ಅಂತ ಕತಿ. ಕತಿ ಖರೇನೋ ಸುಳ್ಳೋ, ಗೋರಿ ಅಂತೂ ಅವ, ಸಾಲಾಗಿ.

ನಮ್ಮಣ್ಣನ ಮಗಳನ್ನ ಕರಕೊಂಡು ಹೋಗಿದ್ದೆ. ಒಂದೊಂದ ಕಲ್ಲಿನ ಮ್ಯಾಲೆ ಕೈ ಇಟ್ಟು ಎಣಸಾಕ ಹತ್ತಿದ್ಲು. ನಡುವ ನಿಂತು, ‘ಕಾಕಾ, ಇವರ ಹೆಸರು ಏನಿದ್ವು?’ ಅಂದ್ಲು. ನನಗ ಒಂದೂ ಗೊತ್ತಿರಲಿಲ್ಲ. ಖಾನನ ಹೆಸರು ಗೊತ್ತು, ಶಿವಾಜಿ ಹೆಸರು ಗೊತ್ತು, ಇವರದು ಗೊತ್ತಿಲ್ಲ. ಅಲ್ಲಿಂದ ಒಬ್ಬಾಕಿ ಎದ್ದು ಬಂದು ತನ್ನ ಹೆಸರು ಹೇಳೂ ಕಾದಂಬರಿ ಯಾರಾರ ಬರದ್ರ ನಾ ಮೊದಲ ತಗೊಂಡು ಆ ಹುಡುಗಿ ಕೈಯಾಗ ಕೊಡತೀನಿ.

ಎರಡು ಮಕ್ಕಳ ಅಮ್ಮ:
ಅಣ್ಣಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹಾಗಿದ್ದರೆ ಒಂದು ಕೇಳ್ತೀನಿ. ನಮ್ಮಲ್ಲಿ ದೆವ್ವ ಅಂದ್ರೆ ಯಾಕೆ ಯಾವಾಗಲೂ ತಲೆಗೂದಲು ಬಿಟ್ಕೊಂಡ ಹೆಂಗಸು? ಅಲಮೇಲಮ್ಮ ಗಂಡನನ್ನ, ಊರನ್ನ ಕಳ್ಕೊಂಡವಳು. ಒಡವೆ ಕಿತ್ಕೊಳ್ಳೋಕೆ ಬಂದವರು ಬೇರೆಯವರು. ಆದರೂ ಮಕ್ಕಳು ಹೆದರಬೇಕಾದ್ದು ಅವಳಿಗಾ? ಮರಳಗುಡ್ಡೆ ಅವರೇ, ನಿಮ್ಮ ಮೂರನೇ ಅಧ್ಯಾಯದಲ್ಲಿ ಅವಳು ಹೇಗೆ ಬರ್ತಾಳೆ, ನಿಜ ಹೇಳಿ.

ಮರಳಗುಡ್ಡೆ:
ನಿಜ ಹೇಳ್ತೀನಿ ಅಕ್ಕಾ. ಕಿರುಚ್ಕೊಂಡು ಬರ್ತಾಳೆ, ಹುಡುಗನ ಕೈ ಹಿಡಿದು ಮಡುವಿನ ಕಡೆ ಎಳೀತಾಳೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದ್ರು, ಅದು ನನಗೆ ಖುಷಿ ಕೊಟ್ಟಿತ್ತು. ಆದರೆ ಕಾಲು ಎತ್ತಿಟ್ಟು ಕೂತಿದ್ದ ಆ ಹುಡುಗಿ ಹೋಗುವಾಗ ಬಾಗಿಲ ಹತ್ತಿರ ನಿಂತು, ‘ಒಡವೆ ಅವಳದ್ದೇ ಅಲ್ವಾ?’ ಅಂತ ಕೇಳಿದಳು. ನಾನು ಏನೋ ಹೇಳಿ ಕಳಿಸಿದೆ. ಈ ಚರ್ಚೆ ಶುರು ಮಾಡಿದ್ದೇ ಆ ಪ್ರಶ್ನೆ ತಲೆಯಿಂದ ಇಳೀಲಿಲ್ಲ ಅಂತ. ಮೂರನೇ ಅಧ್ಯಾಯ ಹರಿದು ಹಾಕ್ತೀನಿ.

ಹೈಸ್ಕೂಲ್ ಮೇಷ್ಟ್ರು:
ಆ ಹುಡುಗಿಯ ಪ್ರಶ್ನೆ ಸರಿಯಾಗಿದೆ. ನಾನು ಪೂರ್ತಿ ಒಪ್ಪಿದ್ದೀನಿ ಅಂತ ತಿಳ್ಕೋಬೇಡಿ. ಶಾಪ ಫಲಿಸಿತು ಅಂತ ಪುಸ್ತಕ ಹೇಳಿದರೆ ನಾನು ವಿರೋಧಿಯೇ. ಆದರೆ ಅವಳ ಸಿಟ್ಟು ನಿಜ, ಮರಳಿಗೆ ಕಾರಣ ಬೇರೆ ಅಂತ ಎರಡನ್ನೂ ಒಂದೇ ಕಥೆಯಲ್ಲಿ ತರೋಕಾಗುತ್ತಾ ನೋಡಿ. ಕಟ್ಟೆ ಹತ್ತಿರ ಒಂದು ಅಧ್ಯಾಯ ಇಡಿ. ಕೊನೆ ಪುಟದಲ್ಲಿ ಟಿಪ್ಪಣಿ ಹಾಕಿ ಕೈ ತೊಳ್ಕೋಬೇಡಿ, ಟಿಪ್ಪಣಿಯನ್ನ ಯಾವ ಮಗುವೂ ಓದಲ್ಲ.

ಹಳೇ ಚಂದಮಾಮ:
ಕಥೆಯಲ್ಲಿ ಅಕ್ಕ ಮೇಷ್ಟ್ರ ಹಾಗೆ ವಾದ ಮಾಡಲಿ, ಅವಳ ತಮ್ಮ ಅಜ್ಜಿಯ ಹಾಗೆ ಶಾಪ ನಂಬಲಿ. ಗೆದ್ದವರು ಯಾರು ಅಂತ ಲೇಖಕರು ಹೇಳದಿದ್ದರೆ ಸಾಕು. ನಾಲ್ಕು ನೂರು ವರ್ಷ ಹಿಂದಿನ ಹೆಂಗಸು ಈಗಿನ ಮಕ್ಕಳ ಮನೆ ಕನ್ನಡ ಮಾತಾಡದ ಹಾಗೆ ನೋಡ್ಕೊಳ್ಳಿ, ಅದೊಂದು ಕೋರಿಕೆ.

ಕಾವೇರಿ ದಂಡೆ:
ನಾನು ತಲಕಾಡಿನ ಹತ್ತಿರದವನು, ಎಲ್ಲ ಓದಿದೆ. ನಮ್ಮಲ್ಲಿ ಯಾರೂ ಅಲಮೇಲಮ್ಮನ್ನ ದೆವ್ವ ಅನ್ನಲ್ಲ ಸ್ವಾಮಿ, ಅಮ್ಮ ಅಂತೀವಿ. ಮೈಸೂರು ಅರಮನೆಯಲ್ಲೂ ನವರಾತ್ರಿಲಿ ಅವಳಿಗೆ ಪೂಜೆ ಸಲ್ಲುತ್ತೆ. ‘ಮಡು ಕಡೆ ಹೋಗ್ಬೇಡ, ಅಮ್ಮ ಕರ್ಕೊಂಡ್ಬಿಡ್ತಾಳೆ’ ಅಂತ ನಮ್ಮಜ್ಜಿ ಹೇಳ್ತಿದ್ದಿದ್ದು ನಿಜ. ಅಲ್ಲಿ ಸುಳಿ ಇದೆ, ಈಜು ಬಂದವರೂ ಹೋಗಿದ್ದಾರೆ. ಆ ಮಾತು ಕೇಳಿ ನೀರಿಗಿಳಿಯದೆ ಉಳಿದವರಲ್ಲಿ ನಾನೂ ಒಬ್ಬ. ಹೆದರಿಕೆ ಪೂರ್ತಿ ತೆಗೀಬೇಡಿ.

ಇನ್ನೊಂದು. ಅವಳನ್ನ ಅಮಾವಾಸ್ಯೆ ರಾತ್ರಿ ತರಬೇಡಿ, ಅದನ್ನ ಎಲ್ಲರೂ ಮಾಡ್ತಾರೆ. ಏಪ್ರಿಲ್ ತಿಂಗಳಲ್ಲಿ ಮಟಮಟ ಮಧ್ಯಾಹ್ನ ವೈದ್ಯೇಶ್ವರನ ಗುಡಿಯಿಂದ ಮರಳು ಹತ್ತಿ ಬನ್ನಿ. ಅಂಗಾಲು ಸುಡುತ್ತೆ, ನೀಲಗಿರಿ ಮರದ ನೆರಳಿಂದ ನೆರಳಿಗೆ ಓಡಬೇಕು. ಎಲ್ಲರೂ ಉಂಡು ಮಲಗಿರ್ತಾರೆ, ಒಂದು ಕಾಗೆ ಕೂಡ ಕೂಗಲ್ಲ. ಆಗ ಒಬ್ಬಳು ಆ ಬಿಸಿ ಮರಳ ಮೇಲೆ ಬರಿಗಾಲಲ್ಲಿ ಮೆಲ್ಲಗೆ, ನೆರಳೇ ಹುಡುಕದೆ ನಡ್ಕೊಂಡು ಹೋಗ್ತಿದ್ದರೆ ಸಾಕು. ಕಿರುಚೋದೇನೂ ಬೇಡ.

ಎರಡು ಮಕ್ಕಳ ಅಮ್ಮ:
ಇದನ್ನೇ ಬರೀರಿ. ಮುಂದಿನ ಶನಿವಾರ ದೊಡ್ಡವಳನ್ನ ಕರ್ಕೊಂಡು ಬರ್ತೀನಿ. ನಾನೂ ಬೆಂಚಲ್ಲಿ ಪಕ್ಕದಲ್ಲೇ ಕೂತ್ಕೋತೀನಿ.