ಜಾವಾ: ‘ಕಮಲ’ ಪಾಸ್, ‘ಲಕ್ಷ್ಮಿ’ ಫೇಲ್. ಯಾಕೆ ಹೀಗೆ?

ಡೇರಿ ಹುಡುಗ:
ನಮ್ಮೂರ ಹಾಲಿನ ಡೇರಿಗೆ ಸದಸ್ಯರ ಪಟ್ಟಿಯ ಸಣ್ಣ ಪ್ರೋಗ್ರಾಂ ಬರೀತಿದ್ದೇನೆ. ಪ್ರೋಗ್ರಾಮಿಂಗ್ ಭಾಷೆ ಜಾವಾ 17. ಹೆಸರಲ್ಲಿ ಅಂಕಿ, ಚಿಹ್ನೆ ಸೇರಬಾರದು ಅಂತ ಲೂಪ್ ಹಾಕಿ ಒಂದೊಂದೇ ಕ್ಯಾರೆಕ್ಟರನ್ನು, ಅದು ಅಕ್ಷರ ಹೌದೋ ಅಲ್ವೋ ಅಂತ ಹೇಳೋ ಈಸ್‌ಲೆಟರ್ ಮೆಥಡ್‌ಗೆ ಕೊಡ್ತಿದ್ದೇನೆ. ಇಂಗ್ಲಿಷ್ ಹೆಸರಿಗೆ ತೊಂದರೆಯಿಲ್ಲ. ಕನ್ನಡದಲ್ಲಿ ‘ಕಮಲ’ ಪಾಸ್, ‘ಗೀತಾ’ ಫೇಲ್, ‘ಲಕ್ಷ್ಮಿ’ ಫೇಲ್. ಈಸ್‌ಆಲ್ಫಬೆಟಿಕ್ ಹಾಕಿದ ಮೇಲೆ ಗೀತಾ ಒಳಗೆ ಬಂದಳು, ಲಕ್ಷ್ಮಿ ಇನ್ನೂ ಹೊಸ್ತಿಲಾಚೆಯೇ ನಿಂತಿದ್ದಾಳೆ. ಏನ್ ಕಾರಣ?

ಒತ್ತಕ್ಷರ:
ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಲ್ಲಿ ಒಂದೊಂದು ನಂಬರ್ ಕೊಡುವ ಪದ್ಧತಿ) ಲೆಕ್ಕದಲ್ಲಿ ಕ, ಮ, ಲ ಇವು ಲೆಟರ್. ದೀರ್ಘ, ಗುಡಿಸು, ಕೊಂಬು, ಏತ್ವ ಎಲ್ಲ ಮಾರ್ಕ್, ಅಂದರೆ ಅಕ್ಷರಕ್ಕೆ ಅಂಟುವ ಗುರುತು. ಈಸ್‌ಲೆಟರ್‌ಗೆ ಮಾರ್ಕ್ ಕಂಡರಾಗದು.

‘ಲಕ್ಷ್ಮಿ’ಯನ್ನು ಬಿಡಿಸಿ ನೋಡಿ: ಲ, ಕ, ವಿರಾಮ (ಅಕ್ಷರವನ್ನು ಅರ್ಧ ಮಾಡಿ ಒತ್ತಕ್ಷರ ಕೂಡಿಸುವ ಗುರುತು), ಷ, ವಿರಾಮ, ಮ, ಗುಡಿಸು. ನಮ್ಮ ಕಣ್ಣಿಗೆ ಎರಡೇ ಅಕ್ಷರ, ಲೆಂಗ್ತ್ ಕೇಳಿದರೆ 7 ಅನ್ನುತ್ತದೆ. ಈಸ್‌ಆಲ್ಫಬೆಟಿಕ್ ಗುಡಿಸನ್ನು ಒಪ್ಪುತ್ತದೆ, ವಿರಾಮವನ್ನು ಒಪ್ಪಲ್ಲ. ಅಂದರೆ ಒತ್ತಕ್ಷರ ಇರೋ ಹೆಸರೆಲ್ಲ ಔಟ್.

ಲೂಪ್ ಬಿಟ್ಟು ರೆಜೆಕ್ಸ್ (ಪಠ್ಯ ಹೇಗಿರಬೇಕು ಅಂತ ಹೇಳುವ ಮಾದರಿ) ಬರೆಯಿರಿ. ಬ್ಯಾಕ್‌ಸ್ಲ್ಯಾಷ್ ಪಿ, ಆಮೇಲೆ ಪುಷ್ಪಾವರಣದೊಳಗೆ ಎಲ್ ಅಂದರೆ ಲೆಟರ್, ಎಂ ಅಂದರೆ ಮಾರ್ಕ್. ಜಾವಾ ಸ್ಟ್ರಿಂಗ್‌ನಲ್ಲಿ ಬ್ಯಾಕ್‌ಸ್ಲ್ಯಾಷ್ ಎರಡು ಸಲ. ಮೊದಲನೆಯದು ಲೆಟರ್ ಆಗಿರಲಿ, ಮುಂದೆ ಎರಡೂ ಬರಲಿ. ಜತೆಗೆ ಸ್ಪೇಸ್, ಚುಕ್ಕಿ. ಇನಿಷಿಯಲ್ ಇಲ್ಲದ ಹೆಸರು ನಮ್ಮ ಕಡೆ ಎಷ್ಟಿದೆ ಹೇಳಿ!

ಇನ್ನೊಂದು. ‘ರಾಜ್‌ಕುಮಾರ್’ ಅಂತ ಬರೆದಾಗ ಜ್ ಮತ್ತು ಕು ನಡುವೆ ಕಾಣದ ಕ್ಯಾರೆಕ್ಟರ್ ಒಂದಿರುತ್ತದೆ, ಜೀರೋ ವಿಡ್ತ್ ನಾನ್ ಜಾಯ್ನರ್, ಯು+200ಸಿ. ಅದು ಲೆಟರೂ ಅಲ್ಲ, ಮಾರ್ಕೂ ಅಲ್ಲ. ರೆಜೆಕ್ಸ್‌ನಲ್ಲಿ ಅದಕ್ಕೂ ಜಾಗ ಕೊಡಿ. ಕಿತ್ತು ಹಾಕಿದರೆ ಪಾಪ ಅವರ ಹೆಸರು ‘ರಾಜ್ಕುಮಾರ್’ ಆಗುತ್ತದೆ.

ಕುಡ್ಲದವ:
ನಮ್ಮ ಡಿ’ಸೋಜರನ್ನು ಮರೀಬೇಡಿ ಮಾರಾಯ್ರೆ. ಕೀಬೋರ್ಡಿನ ನೆಟ್ಟಗಿನ ಅಪಾಸ್ಟ್ರಫಿ ಒಂದು, ಐಫೋನ್ ತಾನಾಗಿ ಹಾಕುವ ಬಾಗಿದ್ದು ಇನ್ನೊಂದು. ಎರಡನ್ನೂ ಬಿಡಿ ಒಳಗೆ.

ಡೇರಿ ಹುಡುಗ:
ಲಕ್ಷ್ಮಿ ಬಂದಳು, ಥ್ಯಾಂಕ್ಸ್! ಆದ್ರೆ ಹಳೇ ಫೈಲಿಂದ ಕಾಪಿ ಮಾಡಿದ ‘ಆನ೦ದ’ ಫೇಲ್ ಆಗ್ತಿದೆ, ನಾನೇ ಟೈಪ್ ಮಾಡಿದ ‘ಆನಂದ’ ಪಾಸ್. ನೋಡೋಕೆ ಎರಡೂ ಒಂದೇ ಅಲ್ವಾ?

ಒತ್ತಕ್ಷರ:
ಹಳೇ ಫೈಲಲ್ಲಿರೋದು ಅನುಸ್ವಾರ ಅಲ್ಲ, ಕನ್ನಡದ ಸೊನ್ನೆ. ಯು+0ಸಿ82 ಬರಬೇಕಾದ ಕಡೆ ಯು+0ಸಿಇ6 ಕೂತಿದೆ. ಈ ಕಾಟ ಬೇಕಾದಷ್ಟು ಕಡೆ ಇದೆ. ಚೆಕ್ ಮಾಡೋ ಮೊದಲೇ ರಿಪ್ಲೇಸ್ ಮಾಡಿಬಿಡಿ, ಹೆಸರಲ್ಲಿ ಅಂಕಿಗೇನು ಕೆಲಸ? ವಿಳಾಸದ ಕಾಲಂಗೆ ಮಾತ್ರ ಇದನ್ನು ಹಾಕಬೇಡಿ, ಮನೆ ನಂಬರ್ ೧೦೫ ಹೋಗಿ ೧ಂ೫ ಆಗುತ್ತದೆ.